ಗುರುವಿಲ್ಲದ ಊರಿಗೆ ಬಂದ ಗುರು: ಲಂಕೆಯ ಧರ್ಮಸಭೆ ಮತ್ತು ಸಂತ ಜೋಸೆಫ್ ವಾಜ್

1658ರಲ್ಲಿ ಜಾಫ್ನಾ ಕೋಟೆ ಡಚ್ಚರ ಕೈಸೇರಿತು. ಅದರೊಂದಿಗೆ ಲಂಕೆಯಲ್ಲಿ ಪೋರ್ಚುಗೀಸರ ಅಧಿಕಾರ ಕೊನೆಗೊಂಡಿತು. ಕಥೋಲಿಕ ಯಾಜಕರನ್ನು ದ್ವೀಪದಿಂದ ಹೊರಗಟ್ಟಲಾಯಿತು. ಯಾಜಕರನ್ನು ಮನೆಯಲ್ಲಿ ಅಡಗಿಸಿಟ್ಟವರಿಗೆ ಮರಣದಂಡನೆ ಎಂಬ ಆಜ್ಞೆ ಅದೇ ವರ್ಷ ಹೊರಟಿತು. ದೇವಾಲಯಗಳು ಡಚ್ಚರ ಸುಧಾರಿತ ಸಭೆಯ ಪಾಲಾದವು. ಅಲ್ಲಿಂದ 1687ರವರೆಗೆ, ಸುಮಾರು 29 ವರ್ಷಗಳ ಕಾಲ, ಡಚ್ಚರ ಆಡಳಿತದ ಕರಾವಳಿಯಲ್ಲಿ ನೆಲೆಸಿದ ಕಥೋಲಿಕ ಗುರುಗಳಿರಲಿಲ್ಲ. ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಒಂದು ತಲೆಮಾರು ಹುಟ್ಟಿ ಬೆಳೆದು ತಾಯ್ತಂದೆಯರಾಯಿತು. ಆದರೂ ವಿಶ್ವಾಸ ಅಳಿಯಲಿಲ್ಲ.

ಕಳೆದ ವರ್ಷ ಆರು ಮಂದಿ ದೈವಶಾಸ್ತ್ರ ವಿದ್ಯಾರ್ಥಿಗಳೊಂದಿಗೆ ಹದಿನೇಳು ದಿನ ಶ್ರೀಲಂಕೆಯಲ್ಲಿ ಇದ್ದು ಬರುವ ಅವಕಾಶ ನನಗೆ ಒದಗಿತು. ಮನ್ನಾರ್ ಮತ್ತು ಜಾಫ್ನಾ ಕಡೆಯ ಹಳ್ಳಿಗಳಲ್ಲಿ ಉಪದೇಶಿಗಳಿಗೆ ತರಬೇತಿ ನೀಡುವುದು, ಅಲ್ಲಿನ ಗುರುಗಳಿಗೆ ನೆರವಾಗುವುದು ಆ ಪಯಣದ ಉದ್ದೇಶವಾಗಿತ್ತು. ಅದರ ವರದಿಯನ್ನು ಇಲ್ಲಿ ಬರೆಯಹೊರಟಿಲ್ಲ. ಆ ದಿನಗಳುದ್ದಕ್ಕೂ ನಮ್ಮೊಂದಿಗಿದ್ದ ಪ್ರಶ್ನೆಯೊಂದನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವುದಷ್ಟೇ ಈ ಲೇಖನದ ಗುರಿ. ಪ್ರೇಷಿತನಾಗಿ ಹೊರದೇಶಕ್ಕೆ ಹೋಗುವ ಯಾಜಕನು ಅಲ್ಲಿಗೆ ಏನನ್ನು ಒಯ್ಯುತ್ತಾನೆ? ಅವನು ಕಾಲಿಡುವ ಮೊದಲೇ ಅಲ್ಲಿ ಇರುವುದೇನು?

ಅಧಿಕಾರದ ನೆರಳಿನಲ್ಲಿ ಬಂದ ವಿಶ್ವಾಸ

ಲಂಕೆಯ ಧರ್ಮಸಭೆಯ ಆರಂಭದ ಚರಿತ್ರೆಯನ್ನು ನಾವು ಮುಚ್ಚುಮರೆಯಿಲ್ಲದೆ ಓದಬೇಕು. 1505ರಲ್ಲಿ ಪೋರ್ಚುಗೀಸರು ದ್ವೀಪವನ್ನು ಮುಟ್ಟಿದರು. ಕೋಟ್ಟೆಯ ಅರಸ ಧರ್ಮಪಾಲನು 1557ರಲ್ಲಿ ದೀಕ್ಷಾಸ್ನಾನ ಪಡೆದನು. 1580ರಲ್ಲಿ ತನ್ನ ರಾಜ್ಯವನ್ನೇ ಪೋರ್ಚುಗಲ್ಲಿನ ದೊರೆಗೆ ದಾನಪತ್ರದ ಮೂಲಕ ಬರೆದುಕೊಟ್ಟನು. ಬೌದ್ಧ ವಿಹಾರಗಳ ಭೂಮಿಯನ್ನು ಕಿತ್ತು ಫ್ರಾನ್ಸಿಸ್ಕನ್ ಗುರುಗಳಿಗೆ ಕೊಟ್ಟದ್ದೂ ಇದೇ ಕಾಲದಲ್ಲಿ. 1619ರಲ್ಲಿ ಜಾಫ್ನಾ ರಾಜ್ಯ ಪೋರ್ಚುಗೀಸರ ವಶವಾಯಿತು. ನಲ್ಲೂರಿನ ದೇಗುಲ ನೆಲಸಮವಾಯಿತು. ಆ ಕಾಲದ ಮಿಷನರಿಗಳಲ್ಲಿ ತ್ಯಾಗಿಗಳಿದ್ದರು, ನಿಜವಾದ ವಿಶ್ವಾಸಿಗಳೂ ಇದ್ದರು. 1544ರಲ್ಲಿ ಜಾಫ್ನಾದ ಅರಸನ ಕೈಯಲ್ಲಿ ಪ್ರಾಣತೆತ್ತ ಮನ್ನಾರಿನ ನವಕ್ರೈಸ್ತರನ್ನು ನೆನೆಯದೆ ಈ ಚರಿತ್ರೆ ಪೂರ್ಣವಾಗದು. ಆದರೂ ಒಂದು ಮಾತು ಉಳಿಯುತ್ತದೆ: ಶಿಲುಬೆಯೂ ಕೋಟೆಯೂ ಒಂದೇ ಹಡಗಿನಿಂದ ಇಳಿದಿದ್ದವು. ಕೋಟೆ ಬಿದ್ದ ದಿನ ಶಿಲುಬೆಯೂ ಬೀಳುತ್ತದೆಂದು ಡಚ್ಚರು ಎಣಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಡಚ್ಚರು ಬಲಪ್ರಯೋಗವೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಪ್ರತಿಯೊಂದು ಊರಿನ ಶಾಲೆಯೂ ಅವರ ಸಭೆಯ ಕಚೇರಿಯಾಯಿತು. ಜನನ, ದೀಕ್ಷಾಸ್ನಾನ, ವಿವಾಹಗಳೆಲ್ಲ ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆಯಲ್ಪಡಬೇಕು. ಬರೆಯದ ಮದುವೆ ಮದುವೆಯಲ್ಲ, ಅಂಥ ಮಕ್ಕಳ ಆಸ್ತಿಹಕ್ಕೂ ಅನುಮಾನಕ್ಕೊಳಗಾಗುತ್ತದೆ. ಹೀಗಾಗಿ ಕಥೋಲಿಕರು ಮಗುವನ್ನು ಹಗಲಿನಲ್ಲಿ ಡಚ್ಚರ ದೇವಾಲಯಕ್ಕೆ ಒಯ್ದು ಹೆಸರು ಬರೆಸಿದರು; ಮನೆಯಲ್ಲಿ ಅದೇ ಮಗುವಿನ ಕೈಗೆ ಜಪಮಾಲೆ ಕೊಟ್ಟರು. ಅವರನ್ನು ಎರಡು ದೋಣಿಯಲ್ಲಿ ಕಾಲಿಟ್ಟವರೆಂದು ಹಳಿಯುವುದು ಸುಲಭ. ಆದರೆ ಅವರಿಗೆ ಸಲಹೆ ಹೇಳಲು ಒಬ್ಬ ಗುರುವೂ ಇರಲಿಲ್ಲ ಎಂಬುದನ್ನು ಮರೆಯಲಾಗದು.

ಮಡು ಮಾತೆಯ ಪುಣ್ಯಕ್ಷೇತ್ರದ ಪರಂಪರೆ ಈ ಕಾಲದ್ದೇ. ಮಾಂತೈ ಎಂಬಲ್ಲಿದ್ದ ಮರಿಯಮ್ಮನವರ ಪ್ರತಿಮೆಯನ್ನು ಡಚ್ಚರಿಂದ ಕಾಪಾಡಲು ಸುಮಾರು 20 ಕುಟುಂಬಗಳು 1670ರಲ್ಲಿ ಅದನ್ನು ಹೊತ್ತುಕೊಂಡು ಕಾಡುಸೇರಿದವು ಎಂದು ಅಲ್ಲಿನ ಜನ ಹೇಳುತ್ತಾರೆ. ಆ ಗುಂಪಿನಲ್ಲಿ ಯಾಜಕರಿರಲಿಲ್ಲ. ಪ್ರತಿಮೆಯನ್ನು ಎಲ್ಲಿಗೆ ಒಯ್ಯಬೇಕು, ಎಲ್ಲಿ ಗುಡಿಸಲು ಕಟ್ಟಬೇಕು, ಸಂಜೆಯ ಪ್ರಾರ್ಥನೆಯನ್ನು ಯಾರು ಹೇಳಬೇಕು ಎಂಬುದನ್ನೆಲ್ಲ ತೀರ್ಮಾನಿಸಿದವರು ಬೆಸ್ತರು, ರೈತರು, ತಾಯಂದಿರು. ಇಂದು ಲಂಕೆಯ ತಮಿಳರೂ ಸಿಂಹಳೀಯರೂ, ಹಿಂದೂಗಳೂ ಬೌದ್ಧರೂ ಸೇರಿ ಬರುವ ಆ ಕ್ಷೇತ್ರದ ಅಡಿಗಲ್ಲನ್ನು ಇಟ್ಟವರು ಶ್ರೀಸಾಮಾನ್ಯ ವಿಶ್ವಾಸಿಗಳು.

ಕೆನರಾದಲ್ಲಿ ಕಲಿತ ಪಾಠ

ಇಂಥ ಊರುಗಳಿಗೆ ಬಂದ ಗುರು ಜೋಸೆಫ್ ವಾಜ್‌ರು ನಮ್ಮ ಕರಾವಳಿಗೆ ಅಪರಿಚಿತರಲ್ಲ. 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ ಜನಿಸಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ಅವರನ್ನು ಕೆನರಾಕ್ಕೆ ಕಳುಹಿಸಿದರು. ಅದು ಕೆಳದಿಯ ಚೆನ್ನಮ್ಮನ ಆಳ್ವಿಕೆಯ ಕಾಲ. ಅದಕ್ಕೂ ಮೊದಲು, 1650ರ ದಶಕದ ಆರಂಭದಲ್ಲಿ, ಶಿವಪ್ಪನಾಯಕನು ಪೋರ್ಚುಗೀಸರ ಕರಾವಳಿ ಕೋಟೆಗಳನ್ನು ವಶಪಡಿಸಿಕೊಂಡಿದ್ದನು. ಕೋಟೆಯ ಆಸರೆ ತಪ್ಪಿದ ಕ್ರೈಸ್ತ ಸಮುದಾಯ ಹೇಗಿರುತ್ತದೆ ಎಂಬುದನ್ನು ವಾಜ್‌ರು ಮೊದಲು ಕಂಡದ್ದು ಲಂಕೆಯಲ್ಲಲ್ಲ, ಮಂಗಳೂರು, ಬಸರೂರುಗಳ ಸೀಮೆಯಲ್ಲಿ.

ಅಲ್ಲಿ ಅವರು ಇನ್ನೊಂದು ನೋವನ್ನೂ ಕಂಡರು. ಪೋರ್ಚುಗಲ್ ದೊರೆಯ ಪಾದ್ರುವಾದು ಹಕ್ಕಿನಡಿ ಗೋವೆಯ ಮಹಾಧರ್ಮಾಧ್ಯಕ್ಷರು ಕೆನರಾವನ್ನು ತಮ್ಮದೆನ್ನುತ್ತಿದ್ದರು. ರೋಮಿನ ಪ್ರೊಪಗಾಂಡಾ ಸಂಸ್ಥೆ ಅದೇ ಪ್ರದೇಶಕ್ಕೆ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರನ್ನು ಕಳುಹಿಸಿತ್ತು. ವಿಪರ್ಯಾಸವೆಂದರೆ ಅವರೂ ಗೋವೆಯ ಮಣ್ಣಿನ ಮಗನೇ. ಯಾವ ಗುರುವಿನ ಕೈಯಿಂದ ಪಡೆದ ಸಂಸ್ಕಾರ ಸಿಂಧು ಎಂಬ ಗೊಂದಲದಲ್ಲಿ ಬಡ ವಿಶ್ವಾಸಿಗಳು ಸಿಲುಕಿದ್ದರು. ವಾಜ್‌ರು ಗೋವೆಯ ಪಕ್ಷದ ಪ್ರತಿನಿಧಿಯಾಗಿಯೇ ಬಂದಿದ್ದರು. ಆದರೂ ಜಗಳ ತಣ್ಣಗಾಗಲೆಂದು ಶ್ರಮಿಸಿದರು. ಕಾಲ್ನಡಿಗೆಯಲ್ಲಿ ಊರೂರು ಸುತ್ತಿ ಸಂಸ್ಕಾರಗಳನ್ನು ನೀಡಿದರು, ಮಕ್ಕಳ ಶಿಕ್ಷಣಕ್ಕೆ ಗಮನ ಕೊಟ್ಟರು. ಮುಡಿಪು ಬೆಟ್ಟದ ನೀರಿನ ಸೆಲೆಗಳಿಗೆ ಅವರ ಹೆಸರನ್ನು ಜೋಡಿಸುವ ಸ್ಥಳೀಯ ಪರಂಪರೆ ಇಂದಿಗೂ ಯಾತ್ರಿಕರನ್ನು ಸೆಳೆಯುತ್ತಿದೆ. ಕೆನರಾದ ಮೂರು ವರ್ಷಗಳ ಸೇವೆಯ ಬಳಿಕ 1684ರಲ್ಲಿ ಅವರು ಗೋವೆಗೆ ಮರಳಿದರು. ಅಧಿಕಾರವ್ಯಾಪ್ತಿಯ ವ್ಯಾಜ್ಯ ಕುರಿಮಂದೆಗೆ ಏನು ಮಾಡುತ್ತದೆ ಎಂಬ ಅರಿವನ್ನೂ ಅವರು ಅಲ್ಲಿಂದ ಹೊತ್ತೊಯ್ದಿರಬೇಕು ಎಂದು ನನ್ನ ಅನಿಸಿಕೆ. ಮುಂದೆ ಲಂಕೆಯ ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ಅವರು ಅದನ್ನು ಒಪ್ಪಿಕೊಳ್ಳಲಿಲ್ಲ.

1685ರಲ್ಲಿ ವಾಜ್‌ರು ಹಳೆ ಗೋವೆಯ ಪವಿತ್ರ ಶಿಲುಬೆಯ ದೇವಾಲಯದಲ್ಲಿ ಕೆಲವು ಗೋವೆಯ ಗುರುಗಳು ಕೂಡಿ ಬಾಳುತ್ತಿದ್ದ ಸಮುದಾಯವನ್ನು ಸೇರಿ ಅದರ ಮುಂದಾಳಾದರು. ಇದೇ ಮುಂದೆ ಸಂತ ಫಿಲಿಪ್ ನೇರಿಯವರ ಒರೆಟರಿಯ ನಿಯಮವನ್ನು ಅನುಸರಿಸಿತು. ಆ ಕಾಲದ ಯುರೋಪಿನ ಧಾರ್ಮಿಕ ಸಭೆಗಳು ದೇಶೀಯರಿಗೆ ಬಾಗಿಲು ತೆರೆಯುತ್ತಿರಲಿಲ್ಲ ಎಂಬುದನ್ನು ನೆನೆದರೆ ಈ ಸಮುದಾಯದ ಮಹತ್ವ ತಿಳಿಯುತ್ತದೆ. ಮುಂದಿನ ಒಂದು ಶತಮಾನಕ್ಕೂ ಹೆಚ್ಚು ಕಾಲ ಲಂಕೆಯ ಮಿಷನ್ನನ್ನು ಹೊತ್ತವರು ಈ ಭಾರತೀಯ ಗುರುಗಳೇ. ಅವರ ಬೆನ್ನಿಗೆ ಯಾವ ದೊರೆಯ ಸೈನ್ಯವೂ ಇರಲಿಲ್ಲ.

ಭಿಕ್ಷುಕನ ವೇಷದಲ್ಲಿ

1686ರಲ್ಲಿ ವಾಜ್‌ರು ಗೋವೆ ಬಿಟ್ಟರು. ಜಾನ್ ಎಂಬ ಯುವ ಸೇವಕ ಅವರೊಂದಿಗಿದ್ದ. ಕೆನರಾ ದಾಟಿ, ಕೇರಳದ ಮೂಲಕ ತೂತುಕುಡಿಗೆ ಬಂದರು. 1687ರಲ್ಲಿ ಕೂಲಿಯವರಂತೆ ಬಟ್ಟೆ ತೊಟ್ಟು ಲಂಕೆಗೆ ಹಡಗು ಹತ್ತಿದರು. ಜಾಫ್ನಾದಲ್ಲಿ ಇಳಿದಾಗ ಅವರು ಅತಿಸಾರದಿಂದ ಬಳಲಿ ನೆಲಹಿಡಿದಿದ್ದರು. ಮಿಷನರಿಯು ಮೊದಲು ಕೊಟ್ಟದ್ದೇನೂ ಇಲ್ಲ. ಪಡೆದದ್ದು ಗಂಜಿ ಮತ್ತು ಆರೈಕೆ. ನಮ್ಮ ವಿದ್ಯಾರ್ಥಿಗಳು ಈ ಪ್ರಸಂಗವನ್ನು ಓದುವಾಗ ಇದನ್ನು ಒಂದು ಅಡಚಣೆಯೆಂದು ದಾಟಿಬಿಡುತ್ತಾರೆ. ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಕ್ರಿಸ್ತರು ಶಿಷ್ಯರನ್ನು ಹಣದ ಚೀಲವಿಲ್ಲದೆ ಕಳುಹಿಸಿ, ಬಡಿಸಿದ್ದನ್ನು ಉಣ್ಣಬೇಕೆಂದು ಹೇಳುವ ಕಾರಣವೇನೆಂದು ಯೋಚಿಸಿದರೆ ಇದು ಅಡಚಣೆಯಲ್ಲ, ಕಳುಹಿಸುವಿಕೆಯ ಕ್ರಮವೇ ಎಂದು ತಿಳಿಯುತ್ತದೆ.

ಚೇತರಿಸಿಕೊಂಡ ಮೇಲೆ ಎದುರಾದದ್ದು ಕಷ್ಟದ ಸಮಸ್ಯೆ. ಕಥೋಲಿಕರು ಯಾರೆಂದು ತಿಳಿಯುವುದು ಹೇಗೆ? ಕೇಳುವಂತಿಲ್ಲ, ಕೇಳಿದವನೂ ಉತ್ತರಿಸಿದವನೂ ಅಪಾಯಕ್ಕೆ ಸಿಲುಕುತ್ತಾರೆ. ವಾಜ್‌ರು ಕೊರಳಲ್ಲಿ ಜಪಮಾಲೆ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಕೆಲವರು ಜಪಮಾಲೆಯನ್ನು ಕಂಡೂ ಕಾಣದಂತೆ ಅಕ್ಕಿ ಹಾಕಿದರು. ಕೆಲವರ ಕಣ್ಣು ಅದರ ಮೇಲೆ ನಿಂತಿತು. ಒಂದು ಮನೆಯವರು ಕೊನೆಗೆ ಧೈರ್ಯಮಾಡಿ ತಮಗೊಬ್ಬ ಗುರು ಬೇಕೆಂದರು. ಆಗ ಅವರು ತಾವು ಯಾರೆಂದು ಹೇಳಿಕೊಂಡರು. 1745ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟವಾದ, ಒರೆಟರಿಯ ಗುರು ಸೆಬಾಸ್ತಿಯಾಂವ್ ದೊ ರೇಗೊ ಬರೆದ ಜೀವನಚರಿತ್ರೆಯ ಕಾಲದಿಂದಲೂ ಲಂಕೆಯ ಕ್ರೈಸ್ತರು ಈ ಘಟನೆಯನ್ನು ತಮ್ಮ ಧರ್ಮಸಭೆಯ ಮರುಹುಟ್ಟೆಂದು ಹೇಳುತ್ತ ಬಂದಿದ್ದಾರೆ.

ಮರುಹುಟ್ಟು ಎಂಬ ಪದವನ್ನು ನಾನು ಕೊಂಚ ಎಚ್ಚರಿಕೆಯಿಂದ ಬಳಸುತ್ತೇನೆ. ಸತ್ತದ್ದು ಮತ್ತೆ ಹುಟ್ಟಬೇಕು. ಇಲ್ಲಿ ಸತ್ತದ್ದೇನೂ ಇರಲಿಲ್ಲ. ಆ ಕುಟುಂಬ ಜಪಮಾಲೆಯನ್ನು ಗುರುತಿಸಿತು, ಏಕೆಂದರೆ ಅಜ್ಜಿಯೋ ತಾಯಿಯೋ ಅದನ್ನು ಕಲಿಸಿದ್ದರು. ಯಾಜಕನೆಂದರೇನೆಂದು ಅವರಿಗೆ ತಿಳಿದಿತ್ತು, ಯಾಜಕರನ್ನು ಕಾಣದ ಮಕ್ಕಳಿಗೂ ತಿಳಿದಿತ್ತು. ವಾಜ್‌ರು ಬಂದ ಮೇಲೆ ಸಿಲ್ಲಾಲೈ ಎಂಬ ಹಳ್ಳಿ ಅವರ ನೆಲೆಯಾಯಿತು. ರಾತ್ರಿಯ ಹೊತ್ತು ಬಲಿಪೂಜೆ, ಪಾಪನಿವೇದನೆ, ದೀಕ್ಷಾಸ್ನಾನಗಳು ನಡೆದವು. ಬೆಳಗಾಗುವ ಮುನ್ನ ಅವರನ್ನು ಬೇರೆ ಮನೆಗೆ ದಾಟಿಸಲಾಗುತ್ತಿತ್ತು. ಸುಳಿವು ಸಿಕ್ಕ ಡಚ್ ಅಧಿಕಾರಿಗಳು ಕ್ರಿಸ್ಮಸ್ ರಾತ್ರಿ ನೆರೆದಿದ್ದ ವಿಶ್ವಾಸಿಗಳನ್ನು ಹಿಡಿದು ಶಿಕ್ಷಿಸಿದರು, ಆದರೆ ಗುರು ಅವರ ಕೈಗೆ ಸಿಗಲಿಲ್ಲ ಎಂದು ಜೀವನಚರಿತ್ರೆಗಳು ಹೇಳುತ್ತವೆ. ಅವರನ್ನು ಅಡಗಿಸಿದವರು ಆ 1658ರ ಆಜ್ಞೆಯನ್ನು ಬಲ್ಲವರೇ.

ಊರಿನಲ್ಲಿ ಪ್ರಾರ್ಥನೆ ನಡೆಸುವ ‘ಅಣ್ಣಾವಿ’, ದೇವಾಲಯವನ್ನು ನೋಡಿಕೊಳ್ಳುವ ‘ಮೂಪ್ಪು’ ಎಂಬ ಹಿರಿಯರ ಹೊಣೆಗಾರಿಕೆಯನ್ನು ಒರೆಟರಿಯ ಗುರುಗಳು ವ್ಯವಸ್ಥಿತವಾಗಿ ಬಳಸಿದರು. ಗುರು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬರಬಲ್ಲ ಊರಿನಲ್ಲಿ ಉಳಿದೆಲ್ಲ ದಿನಗಳ ಧರ್ಮಸಭೆ ಅವರ ಕೈಯಲ್ಲಿತ್ತು. ಮನ್ನಾರ್ ಸಮೀಪದ ಹಳ್ಳಿಯೊಂದರಲ್ಲಿ ನಾವು ಭೇಟಿಯಾದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಯುದ್ಧದ ಕೊನೆಯ ವರ್ಷಗಳ ಬಗ್ಗೆ ಹೇಳುತ್ತ, ಜನ ಊರಿಂದೂರಿಗೆ ಓಡುವಾಗ ಮರದ ಕೆಳಗೆ ತಾವೇ ಪ್ರಾರ್ಥನೆ ನಡೆಸಿದ್ದನ್ನು ಬಹಳ ಸಹಜವಾಗಿ ನೆನೆದರು. ಅದನ್ನು ಒಂದು ಸಾಹಸವೆಂದು ಅವರು ಎಣಿಸಿರಲಿಲ್ಲ. ‘ಸ್ವಾಮಿಗಳು ಇಲ್ಲದಾಗ ನಮ್ಮ ಮನೆಯವರು ಮಾಡುತ್ತಿದ್ದುದೇ ಇದು’ ಎಂದಷ್ಟೇ ಹೇಳಿದರು. ನಾವು ತರಬೇತಿ ಕೊಡಲು ಹೋದದ್ದು ಇಂಥವರಿಗೆ.

ಬೌದ್ಧ ಅರಸನ ಆಶ್ರಯ

1692ರಲ್ಲಿ ವಾಜ್‌ರು ಒಳನಾಡಿನ ಕ್ಯಾಂಡಿ ರಾಜ್ಯಕ್ಕೆ ಹೋದರು. ಅಲ್ಲಿ ಅವರನ್ನು ಪೋರ್ಚುಗೀಸರ ಗೂಢಚಾರನೆಂದು ಬಂಧಿಸಲಾಯಿತು. ಆರೋಪ ಹೊರಿಸಿದವನು ಯುರೋಪಿನ ಒಬ್ಬ ಕ್ರೈಸ್ತ. ನಿಧಾನವಾಗಿ ಬಿಡುಗಡೆಯ ದಾರಿ ತೆರೆದವನು ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ. ಬರಗಾಲದಲ್ಲಿ ವಾಜ್‌ರ ಪ್ರಾರ್ಥನೆಯಿಂದ ಮಳೆ ಬಂದಿತೆಂದೂ ಅದರಿಂದ ಅರಸನ ಮನಸ್ಸು ಒಲಿಯಿತೆಂದೂ ಪರಂಪರೆ ಹೇಳುತ್ತದೆ. ಈ ಅರಸನೇ ಕ್ಯಾಂಡಿಯಲ್ಲಿ ಬುದ್ಧನ ದಂತಧಾತುವಿಗೆ ಮಂದಿರ ಕಟ್ಟಿಸಿದವನು. ತನ್ನ ಧರ್ಮದಲ್ಲಿ ದೃಢನಾಗಿದ್ದ ಅರಸನೊಬ್ಬ ಪರಧರ್ಮದ ಗುರುವಿಗೆ ಸಂಚರಿಸುವ ಸ್ವಾತಂತ್ರ್ಯವಿತ್ತನು. ಅದೇ ದ್ವೀಪದ ಕರಾವಳಿಯಲ್ಲಿ ಕ್ರಿಸ್ತನ ಹೆಸರು ಹೇಳುವವರು ಅದೇ ಗುರುವನ್ನು ಬೇಟೆಯಾಡುತ್ತಿದ್ದರು. ಅಂತರಧರ್ಮೀಯ ಸಂವಾದದ ಪಾಠವನ್ನು ನಮ್ಮ ಗುರುಮಠಗಳಲ್ಲಿ ಬೋಧಿಸುವಾಗ ಈ ಉದಾಹರಣೆಯನ್ನು ಎತ್ತಿಕೊಳ್ಳುವುದು ಒಳಿತು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಸೋಂಕಿತರನ್ನು ಮನೆಯವರೇ ಕಾಡಿನಲ್ಲಿ ಬಿಟ್ಟು ಹೋಗುತ್ತಿದ್ದರು. ಅರಸನೂ ಊರು ಬಿಟ್ಟನು. ವಾಜ್‌ರು ಮತ್ತು ಆಗತಾನೇ ಗೋವೆಯಿಂದ ಬಂದಿದ್ದ ಗುರು ಜೋಸೆಫ್ ದೆ ಕಾರ್ವಾಲ್ಯೊ ರೋಗಿಗಳಿಗೆ ಗುಡಿಸಲು ಕಟ್ಟಿ, ಗಂಜಿ ಉಣಿಸಿ, ಹುಣ್ಣು ತೊಳೆದು, ಸತ್ತವರನ್ನು ಹೂಳಿದರು. ರೋಗಿ ಯಾವ ಧರ್ಮದವನೆಂದು ಕೇಳಲಿಲ್ಲ. ಪೋರ್ಚುಗೀಸರ ಕಾಲದಲ್ಲಿ ಭೂಮಿ ಪಡೆದ ಧರ್ಮವನ್ನು ಕಂಡಿದ್ದ ಜನ ಈಗ ಅದೇ ಧರ್ಮವನ್ನು ಬೇರೊಂದು ರೂಪದಲ್ಲಿ ಕಂಡರು.

ಭಾಷೆಯ ವಿಷಯದಲ್ಲೂ ಹೀಗೆಯೇ. ವಾಜ್‌ರು ತಮಿಳನ್ನೂ ಸಿಂಹಳವನ್ನೂ ಕಲಿತರು. 1705ರಲ್ಲಿ ಬಂದ ದಿವಾಡಿಯ ಗುರು ಜಾಕೊಮೆ ಗೊನ್ಸಾಲ್ವಿಸ್‌ರು ಸಿಂಹಳವನ್ನು ಆಳವಾಗಿ ಅಭ್ಯಾಸ ಮಾಡಿ ಎರಡೂ ಭಾಷೆಗಳಲ್ಲಿ ಹಲವಾರು ಗ್ರಂಥಗಳನ್ನು ರಚಿಸಿದರು. ಅವರ ಸಿಂಹಳ ಕೃತಿಯೊಂದರ ಹೆಸರು ‘ದೇವವೇದ ಪುರಾಣಯ’. ದೇವ, ವೇದ, ಪುರಾಣ ಎಂಬ ಮೂರೂ ಪದಗಳು ಕನ್ನಡದ ಕಿವಿಗೂ ಪರಿಚಿತವೇ. 1742ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ, ಗುರುವಿಲ್ಲದ ಮನೆಯಲ್ಲೂ ಓದಬಹುದಾದ, ಹಾಡಬಹುದಾದ ಸಾಹಿತ್ಯವೊಂದು ವಿಶ್ವಾಸಿಗಳ ಕೈಯಲ್ಲಿತ್ತು. ಗುರುಗಳು ಮತ್ತೊಮ್ಮೆ ಇಲ್ಲವಾಗಬಹುದೆಂಬ ಸಾಧ್ಯತೆಯನ್ನು ಮುಂದಿಟ್ಟುಕೊಂಡೇ ಅವರು ಬರೆದರೇನೋ ಎನಿಸುತ್ತದೆ. ಮುಂದಿನ ದಶಕದೊಳಗೇ ಕ್ಯಾಂಡಿಯ ಅರಸರ ಆಶ್ರಯವೂ ತಪ್ಪಿತು.

ವಾಜ್‌ರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕಣ್ಮುಚ್ಚಿದರು. ಅವರು ಒಮ್ಮೆಯೂ ಊರಿಗೆ ಮರಳಿರಲಿಲ್ಲ. ಅವರನ್ನು ಹೂಳಿದ ದೇವಾಲಯ ಉಳಿದಿಲ್ಲ. ಸಮಾಧಿ ಇಂಥಲ್ಲಿದೆಯೆಂದು ಯಾರೂ ತೋರಿಸಲಾರರು. ಪೋಪ್ ಎರಡನೆಯ ಜಾನ್ ಪೌಲ್‌ರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದೂ, ಪೋಪ್ ಫ್ರಾನ್ಸಿಸ್‌ರು 2015ರ ಜನವರಿ 14ರಂದು ಅದೇ ನಗರದ ಗಾಲ್ ಫೇಸ್ ಮೈದಾನದಲ್ಲಿ ಸಂತರೆಂದೂ ಘೋಷಿಸಿದರು. ಅದೇ ದಿನ ಮಧ್ಯಾಹ್ನ ಪೋಪ್ ಫ್ರಾನ್ಸಿಸ್‌ರು ಮಡು ಮಾತೆಯ ಸನ್ನಿಧಿಗೆ ಹೋದದ್ದು ನನಗೆ ಅರ್ಥಪೂರ್ಣವೆನಿಸುತ್ತದೆ. ಬೆಳಗ್ಗೆ ಗುರುವನ್ನು ಗೌರವಿಸಿದ ಧರ್ಮಸಭೆ, ಮಧ್ಯಾಹ್ನ ಆ ಗುರು ಬರುವ ಮೊದಲು ವಿಶ್ವಾಸವನ್ನು ಕಾಪಾಡಿದ ಜನರ ಕ್ಷೇತ್ರಕ್ಕೆ ಹೋಯಿತು.

ನಮ್ಮ ಮುಂದಿರುವ ಪ್ರಶ್ನೆ

ಈ ಚರಿತ್ರೆಯಿಂದ ಯಾಜಕರ ಅಗತ್ಯವಿಲ್ಲವೆಂಬ ತೀರ್ಮಾನಕ್ಕೆ ಬರುವುದು ತಪ್ಪು. 29 ವರ್ಷ ಕಾದವರು ಗುರುವನ್ನು ಕಂಡೊಡನೆ ಕೇಳಿದ್ದು ಸಂಸ್ಕಾರಗಳನ್ನೇ. ಪ್ರಾಣಾಪಾಯವಿದ್ದರೂ ರಾತ್ರಿಯ ಬಲಿಪೂಜೆಗೆ ಬಂದರು. ಪರಮಪ್ರಸಾದವಿಲ್ಲದೆ ಧರ್ಮಸಭೆ ಹಸಿದಿರುತ್ತದೆ ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿಗಳು ಬೇಕಿಲ್ಲ. ಆದರೆ ಯಾಜಕನು ವಿಶ್ವಾಸದ ಒಡೆಯನಾಗಿ ಅಲ್ಲಿಗೆ ಹೋಗಲಿಲ್ಲ. ಪವಿತ್ರಾತ್ಮರು ಆಗಲೇ ಕಾಪಾಡಿದ್ದ ಮನೆಯೊಂದರ ಬಾಗಿಲಲ್ಲಿ ನಿಂತು, ಒಳಗಿನವರು ಕರೆಯುವವರೆಗೆ ಕಾದನು. ಧರ್ಮಸಭೆ ತನ್ನ ಸ್ವಭಾವದಿಂದಲೇ ಪ್ರೇಷಿತ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ‘ಆದ್ ಜೆಂತೆಸ್’ ಆದೇಶಪತ್ರದಲ್ಲಿ ಬೋಧಿಸಿದಾಗ, ಆ ಮಾತು ಗುರುಗಳಿಗೆ ಮಾತ್ರ ಸೇರಿದ್ದಲ್ಲ. ಲಂಕೆಯ ಅಜ್ಜಿಯರು ಆ ದಸ್ತಾವೇಜಿಗೆ ಮೂರು ಶತಮಾನ ಮೊದಲೇ ಅದನ್ನು ಬಾಳಿದ್ದರು.

ಇಂದು ಕರ್ನಾಟಕದ ಧರ್ಮಪ್ರಾಂತ್ಯಗಳಿಂದಲೂ ಧಾರ್ಮಿಕ ಸಭೆಗಳಿಂದಲೂ ಅನೇಕ ಗುರುಗಳು ಹೊರದೇಶಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಜರ್ಮನಿ, ಇಟಲಿ, ಅಮೆರಿಕಗಳ ಧರ್ಮಕೇಂದ್ರಗಳಲ್ಲಿ ಗುರುಗಳ ಕೊರತೆ ಇದೆ. ಅಲ್ಲಿನ ಕರೆಗೆ ಓಗೊಡುವುದು ನಿಜವಾದ ಸೇವೆಯೇ. ಆದರೆ ಅಲ್ಲಿಗೆ ಹೊರಡುವ ಯುವ ಗುರುವಿಗೆ ಮನೆ, ವೇತನ, ವಾಹನ, ಪದವಿ ಎಲ್ಲವೂ ಮೊದಲೇ ಸಿದ್ಧವಾಗಿರುತ್ತವೆ. ಬರಿದಾದ ದೇವಾಲಯದಲ್ಲಿ ಕುಳಿತ ಹತ್ತು ಮಂದಿ ವೃದ್ಧರನ್ನು ನೋಡಿ, ಇಲ್ಲಿ ವಿಶ್ವಾಸ ಸತ್ತಿದೆ, ನಾವು ಅದನ್ನು ಮತ್ತೆ ತಂದಿದ್ದೇವೆ ಎಂದು ಎಣಿಸುವ ಪ್ರಲೋಭನೆ ದೊಡ್ಡದು. ಆ ಹತ್ತು ಮಂದಿಯೇ ಅಲ್ಲಿ ಕೊರಳ ಜಪಮಾಲೆಯನ್ನು ಗುರುತಿಸಬಲ್ಲವರು ಎಂಬುದನ್ನು ಕಾಣಲು ವಾಜ್‌ರ ಕಣ್ಣು ಬೇಕು. ಜರ್ಮನ್ನನ್ನೋ ಇಟಾಲಿಯನ್ನನ್ನೋ ಪೂಜಾವಿಧಿ ಓದುವಷ್ಟು ಮಾತ್ರ ಕಲಿತು ತೃಪ್ತನಾಗುವವನು ಗೊನ್ಸಾಲ್ವಿಸ್‌ರ ಶ್ರಮವನ್ನೊಮ್ಮೆ ನೆನೆಯಬೇಕು. ನಮ್ಮದೇ ನಾಡಿನ ಧರ್ಮಕೇಂದ್ರಗಳಲ್ಲೂ ಗುರು ಇಲ್ಲದ ವಾರ ಪ್ರಾರ್ಥನೆಯೂ ಇಲ್ಲ ಎಂಬ ಸ್ಥಿತಿ ಇದ್ದರೆ, ಅದಕ್ಕೆ ಜನರ ಉದಾಸೀನವೊಂದೇ ಕಾರಣವೇ? ಅವರಿಗೆ ನಾವು ಏನನ್ನು ಕೈಗೊಪ್ಪಿಸಿದ್ದೇವೆ ಎಂದೂ ಕೇಳಿಕೊಳ್ಳಬೇಕು.

2019ರ ಏಪ್ರಿಲ್ 21ರ ಪುನರುತ್ಥಾನದ ಭಾನುವಾರ ಲಂಕೆಯ ದೇವಾಲಯಗಳಲ್ಲೂ ಹೋಟೆಲುಗಳಲ್ಲೂ ನಡೆದ ಬಾಂಬ್ ದಾಳಿಯಲ್ಲಿ 250ಕ್ಕೂ ಹೆಚ್ಚು ಮಂದಿ ಮಡಿದರು. ಅವುಗಳಲ್ಲೊಂದಾದ ಕೊಲಂಬೊದ ಕೊಚ್ಚಿಕಡೆಯ ಸಂತ ಅಂತೋನಿಯವರ ದೇವಾಲಯದ ಮೂಲ, ಡಚ್ಚರ ಕಾಲದಲ್ಲಿ ಮರೆಯಲ್ಲಿ ಸೇವೆ ಮಾಡಿದ ಗುರುವೊಬ್ಬರದೆಂದು ಪರಂಪರೆ ನೆನೆಯುತ್ತದೆ. ದಾಳಿಯ ಬಳಿಕ ಕೆಲಕಾಲ ಸಾರ್ವಜನಿಕ ಬಲಿಪೂಜೆಗಳನ್ನು ನಿಲ್ಲಿಸಬೇಕಾಯಿತು. ಕೊಲಂಬೊದ ಗುರುಗಳೊಬ್ಬರು ಆ ವಾರಗಳ ಬಗ್ಗೆ ನಮಗೆ ಹೇಳುವಾಗ, ತಮ್ಮ ಜನರಿಗೆ ಮನೆಯಲ್ಲಿ ಕೂಡಿ ಪ್ರಾರ್ಥಿಸುವುದನ್ನು ಹೊಸದಾಗಿ ಕಲಿಸಬೇಕಾಗಲಿಲ್ಲ ಎಂದರು. ನಮ್ಮ ವಿದ್ಯಾರ್ಥಿಗಳಲ್ಲೊಬ್ಬರು ಅಂದು ರಾತ್ರಿಯ ಹಂಚಿಕೆಯಲ್ಲಿ, ನಮ್ಮೂರಿನಲ್ಲಿ ಹಾಗೆ ಹೇಳಲಾದೀತೇ ಎಂದು ಕೇಳಿದರು. ಒಬ್ಬರೂ ಕೂಡಲೇ ಉತ್ತರಿಸಲಿಲ್ಲ.

ಜನವರಿ 16ರಂದು ಸಂತ ಜೋಸೆಫ್ ವಾಜ್‌ರ ಸ್ಮರಣೆ ಬರುತ್ತದೆ. ಗುರುಮಠಗಳಲ್ಲಿ ಅಂದು ಅವರ ಧೈರ್ಯವನ್ನೂ ಪವಾಡಗಳನ್ನೂ ಕುರಿತು ಪ್ರಬೋಧನೆಗಳಾಗುತ್ತವೆ, ಆಗಬೇಕು. ಅದರ ಜೊತೆಗೆ ಒಂದು ಸಲಹೆಯನ್ನು ಸಹೋದರ ಗುರುಗಳ ಮುಂದಿಡುತ್ತೇನೆ. ಯಾಜಕದೀಕ್ಷೆಗೆ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ, ಗುರುಗಳು ತಿಂಗಳಿಗೊಮ್ಮೆ ಮಾತ್ರ ತಲಪುವ ಊರೊಂದರಲ್ಲಿ ಕೆಲವು ವಾರ ಇದ್ದು ಬರಲಿ. ಅಲ್ಲಿ ಬೋಧಿಸದಿರಲಿ, ಏನನ್ನೂ ನಡೆಸದಿರಲಿ. ಅಲ್ಲಿ ಪ್ರಾರ್ಥನೆ ಹೇಳುವವರು ಯಾರು, ಅದನ್ನು ಅವರಿಗೆ ಕಲಿಸಿದವರು ಯಾರು ಎಂದು ಕೇಳಿ ಬರೆದುಕೊಳ್ಳಲಿ. ಜಾಫ್ನಾದಲ್ಲಿ ವಾಜ್‌ರಿಗೆ ಬಾಗಿಲು ತೆರೆದ ಎಷ್ಟೋ ಮಂದಿಯ ಹೆಸರು ನಮಗೆ ಸಿಗದು. ನಮ್ಮ ಊರುಗಳ ಇಂಥವರ ಹೆಸರನ್ನಾದರೂ ನಮ್ಮ ಮುಂದಿನ ಗುರುಗಳು ಬಲ್ಲವರಾಗಿರಲಿ.